ಸತ್ತ ಪ್ರೋಸೆಸ್‌ನ ಸ್ಟ್ಯಾಕ್ ಯಾರು ಬಿಡಿಸಬೇಕು?

ಬದಿಯಡ್ಕದ ಮನೆಯಲ್ಲಿ ಕೂತು ಎಕ್ಸ್‌ವಿ6 ಅನ್ನು ನನಗೆ ಬೇಕಾದ ಹಾಗೆ ತಿದ್ದುತ್ತಿದ್ದೇನೆ. ಎಂಐಟಿಯವರು 2006ರಲ್ಲಿ ಪಾಠಕ್ಕೆಂದೇ ಮಾಡಿದ ಚಿಕ್ಕ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅದು. ರಿಸ್ಕ್-ವಿ ಪ್ರೊಸೆಸರ್‌ಗೆ ಬರೆದ ಆವೃತ್ತಿಯನ್ನು, ಯಂತ್ರವನ್ನೇ ಅನುಕರಿಸುವ ಕ್ಯೂಎಮು ಎಂಬ ಸಾಫ್ಟ್‌ವೇರ್‌ನಲ್ಲಿ ಓಡಿಸುತ್ತೇನೆ. ಮಳೆಗೆ ಕರೆಂಟು ಹೋದರೂ ಲ್ಯಾಪ್‌ಟಾಪ್ ಇದ್ದರೆ ಸಾಕು.

ಮೂಲದಲ್ಲಿ ಬೂಟ್ ಆಗುವಾಗಲೇ 64 ಪ್ರೋಸೆಸ್‌ಗಳಿಗೂ (ಓಡುವ ಪ್ರೋಗ್ರಾಂಗಳಿಗೂ) ಕರ್ನಲ್ ಸ್ಟ್ಯಾಕ್, ಅಂದರೆ ಅವುಗಳ ಪರವಾಗಿ ಕರ್ನಲ್ ಕೋಡ್ ಓಡುವಾಗ ಬಳಸುವ ಮೆಮೊರಿ, ಹಂಚಿ ಆಗಿರುತ್ತದೆ. ಅದನ್ನು ವಾಪಸ್ ಪಡೆಯುವ ಮಾತೇ ಇಲ್ಲ. ಫೋರ್ಕ್ ಆದಾಗ (ಒಂದು ಪ್ರೋಸೆಸ್ ಇನ್ನೊಂದನ್ನು ಹುಟ್ಟಿಸಿದಾಗ) ಮಾತ್ರ ಮೆಮೊರಿಯ ಒಂದು ಪುಟ, ಅಂದರೆ 4096 ಬೈಟ್, ಕೊಡುವ ಹಾಗೆ ನಾನು ಮಾಡಿದೆ. ಕೊಟ್ಟ ಮೇಲೆ ವಾಪಸ್ ತಗೊಳ್ಳಬೇಕು ಅಲ್ವಾ?

"ಮಾವ, ಎಕ್ಸಿಟ್‌ನಲ್ಲೇ ಎಲ್ಲ ಬಿಡಿಸಿದರೆ ಆಗದಾ?" ಎಂದ ಇಂಜಿನಿಯರಿಂಗ್ ಓದುವ ಅಕ್ಕನ ಮಗ. ಎಕ್ಸಿಟ್ ಎಂದರೆ ಪ್ರೋಸೆಸ್ ತಾನು ಮುಗಿಯಲು ಮಾಡುವ ಕರೆ. ಅಲ್ಲಿ ಯೂಸರ್ ಮೆಮೊರಿಯನ್ನು, ಅಂದರೆ ಪ್ರೋಗ್ರಾಂನ ಸ್ವಂತ ಮೆಮೊರಿಯನ್ನು, ಬಿಡಿಸಬಹುದು. ಕರ್ನಲ್‌ಗೆ ಅದರದ್ದೇ ಪೇಜ್ ಟೇಬಲ್ (ಯಾವ ವಿಳಾಸ ಯಾವ ಪುಟಕ್ಕೆ ಎನ್ನುವ ಪಟ್ಟಿ) ಇದೆ, ಪ್ರೋಗ್ರಾಂನದ್ದು ಹೋದರೂ ಅದಕ್ಕೆ ತೊಂದರೆ ಇಲ್ಲ. ಹಾಗಾಗಿ ನಾನು ಅಲ್ಲೇ ಬಿಡಿಸುತ್ತೇನೆ, ಸತ್ತದ್ದು ಸುಮ್ನೆ ಅಷ್ಟು ಜಾಗ ಹಿಡಿದುಕೊಂಡು ಇರುವುದು ಬೇಡ. ಸ್ಟ್ಯಾಕ್ ಮಾತ್ರ ಹಾಗಲ್ಲ. ಎಕ್ಸಿಟ್‌ನ ಕೋಡ್ ಓಡುತ್ತಿರುವುದೇ ಅದರ ಮೇಲೆ. ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತದೆ.

ಹಾಗಾಗಿ ಆ ಕೆಲಸ ವೇಟ್‌ಗೆ. ಪೇರೆಂಟ್, ಅಂದರೆ ಹುಟ್ಟಿಸಿದ ಪ್ರೋಸೆಸ್, ತನ್ನ ಮಗು ಮುಗಿಯುವುದನ್ನು ಕಾಯಲು ಮಾಡುವ ಕರೆ ಅದು. ಆದರೆ ಬೇರೆ ಸಿಪಿಯುನಲ್ಲಿ ಓಡುವ ಪೇರೆಂಟ್, ಮಗು 'ಜಾಂಬಿ' (ಸತ್ತರೂ ಇನ್ನೂ ತೆರವಾಗದ್ದು) ಎಂದು ಕಂಡ ಕೂಡಲೇ ಪುಟ ಕಿತ್ತುಕೊಂಡರೆ? ಮಗು ಇನ್ನೂ ಸ್ಟ್ಯಾಕ್ ಬಿಟ್ಟು ಇಳಿದಿರುವುದಿಲ್ಲ! ಇದನ್ನು ತಡೆಯುವುದು ಒಂದು ಲಾಕ್, ಒಬ್ಬರು ಹಿಡಿದಿರುವಾಗ ಇನ್ನೊಬ್ಬರು ಕಾಯಬೇಕು. ಮಗು ತನ್ನ ಲಾಕ್ ಹಿಡಿದೇ ಜಾಂಬಿ ಆಗುತ್ತದೆ, ಹಿಡಿದೇ ಶೆಡ್ಯೂಲರ್‌ಗೆ (ಮುಂದೆ ಯಾರು ಓಡಬೇಕೆಂದು ಆರಿಸುವ ಕೋಡ್‌ಗೆ) ಜಿಗಿಯುತ್ತದೆ. ಲಾಕ್ ಬಿಡುವುದು ಶೆಡ್ಯೂಲರ್, ಅದೂ ತನ್ನದೇ ಸ್ಟ್ಯಾಕ್ ಮೇಲೆ ನಿಂತು. ವೇಟ್‌ಗೆ ಅದೇ ಲಾಕ್ ಸಿಗುವ ಹೊತ್ತಿಗೆ ಮಗುವಿನ ಸ್ಟ್ಯಾಕ್ ಖಾಲಿ. ಎಕ್ಸ್‌ವಿ6ನಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು.

ಹುಡುಗನಿಗೆ ಬಿಡಿಸಿದ ಪುಟವನ್ನೇ ಜಿಡಿಬಿ ಎಂಬ ಡಿಬಗರ್‌ನಲ್ಲಿ ತೋರಿಸಿದೆ. ಪುಟ ಬಿಡಿಸುವ ಕೆಫ್ರೀ ಎನ್ನುವ ಫಂಕ್ಷನ್ ಅದರ ತುಂಬ 01 ಎಂದು ಬರೆಯುತ್ತದೆ. ಮೊದಲ 8 ಬೈಟ್‌ನಲ್ಲಿ ಮಾತ್ರ ಮುಂದಿನ ಖಾಲಿ ಪುಟದ ವಿಳಾಸ. ರಿಟರ್ನ್ ಅಡ್ರೆಸ್ (ಫಂಕ್ಷನ್ ಮುಗಿದ ಮೇಲೆ ಹಿಂದಿರುಗಬೇಕಾದ ವಿಳಾಸ) ಇದ್ದಲ್ಲೂ ಬರೀ 01. ಲಾಕ್ ಯಾಕೆ ಬೇಕು ಎಂದು ಅವನು ಮತ್ತೆ ಕೇಳಲಿಲ್ಲ.

ಪ್ರೋಗ್ರಾಂನಿಂದ ಕರ್ನಲ್‌ಗೆ ದಾಟುವ ಕೋಡ್ ಇರುವ ಟ್ರ್ಯಾಂಪೋಲಿನ್ ಪುಟ ಮಾತ್ರ ಎಲ್ಲ ಪ್ರೋಸೆಸ್‌ಗಳದ್ದೂ. ಸತ್ತ ಪ್ರೋಸೆಸ್‌ನ ಪೇಜ್ ಟೇಬಲ್‌ನಿಂದ ಅದರ ಮ್ಯಾಪಿಂಗ್ ತೆಗೆಯಬೇಕು, ಪುಟವನ್ನು ಬಿಡಿಸಬಾರದು.

ಕೊನೆಗೆ ಲೆಕ್ಕ. ಫ್ರೀ ಲಿಸ್ಟ್, ಅಂದರೆ ಖಾಲಿ ಪುಟಗಳ ಪಟ್ಟಿ, ಎಣಿಸುವ ಒಂದು ಸಿಸ್ಟಮ್ ಕಾಲ್ ಸೇರಿಸಿದ್ದೇನೆ. ಫೋರ್ಕ್, ಎಕ್ಸಿಟ್, ವೇಟ್ ಅನ್ನು ಲೂಪಿನಲ್ಲಿ ಓಡಿಸಿ, ಮೊದಲೂ ಆಮೇಲೂ ಎಣಿಸುತ್ತೇನೆ. ಎರಡೂ ಒಂದೇ ಬರಬೇಕು. ಪೇರೆಂಟ್ ಮೊದಲೇ ಸಾಯುವ ಪರೀಕ್ಷೆಯೂ ಬೇಕು. ಆಗ ಮಕ್ಕಳು ಮೊದಲ ಪ್ರೋಸೆಸ್ ಆದ ಇನಿಟ್ ಪಾಲಿಗೆ ಹೋಗುತ್ತವೆ, ಅದು ವೇಟ್ ಮಾಡಿ ಮುಗಿಸುವವರೆಗೆ ಸ್ವಲ್ಪ ತಡೆದು ಎಣಿಸಬೇಕು.