ಕಮಾನಿನ ನೆತ್ತಿಗೆ ಮರಳಿನ ಚೀಲ

ಮಲೆನಾಡಿನ ಆ ಹಳ್ಳದಲ್ಲಿ ಮಳೆಗಾಲಕ್ಕೆ ಮರದ ದಿಮ್ಮಿಗಳು ತೇಲಿ ಬರುತ್ತವೆ. ನಡುನೀರಿನಲ್ಲಿ ಕಂಬ ಬೇಡ ಅನ್ನಿಸಿತು. ಎರಡೂ ದಡದಲ್ಲಿ ಗಟ್ಟಿ ಬಂಡೆ ಸಿಕ್ಕಿದ್ದರಿಂದ 30 ಮೀಟರ್ ಉದ್ದದ ಕಾಂಕ್ರೀಟ್ ಕಮಾನು ಸೇತುವೆಗೆ ಲೆಕ್ಕ ಹಾಕಿದೆ.

ಕಮಾನು ತನ್ನ ಭಾರವನ್ನು ದಡಕ್ಕೆ ಒದ್ದು ನಿಲ್ಲುತ್ತದೆ. ಮೀಟರಿಗೆ 12 ಟನ್ ಭಾರ ಹಿಡಿದು ಏರು, ಅಂದರೆ ಬುಡದಿಂದ ನೆತ್ತಿಯ ಎತ್ತರ, 6 ಮೀಟರ್ ಇಟ್ಟರೆ ಆ ಒದೆತ 225 ಟನ್. ಏರು 4 ಮೀಟರ್ ಆದರೆ 337.5 ಟನ್. ರಸ್ತೆ ತಗ್ಗಿಸಿ ಎಂದು ಕೇಳಿದವರ ಮುಂದೆ ಈ ಎರಡು ಅಂಕಿ ಇಟ್ಟೆ. ವಾಹನಗಳು ಅರ್ಧ ಸೇತುವೆಯ ಮೇಲೆ ಮಾತ್ರ ನಿಂತಾಗ ಕಮಾನು ಜಾಸ್ತಿ ಬಾಗುತ್ತದೆ. ಹಾಗಾಗಿ ಎರಡೂ ತುದಿಯಿಂದ ಉದ್ದದ ಕಾಲುಭಾಗದ ಹತ್ತಿರ ಮೇಲೂ ಕೆಳಗೂ ಕಬ್ಬಿಣ ಹೆಚ್ಚು ಕೊಟ್ಟೆ.

ನನ್ನನ್ನು ಕಾಡಿದ್ದು ಮಾತ್ರ ಸೆಂಟ್ರಿಂಗ್, ಕಾಂಕ್ರೀಟ್ ಗಟ್ಟಿಯಾಗುವ ತನಕ ಅದನ್ನು ಹೊರುವ ತಾತ್ಕಾಲಿಕ ಆಸರೆ. ಸ್ವಿಟ್ಜರ್ಲೆಂಡಿನಲ್ಲಿ 1930ರಲ್ಲಿ ಮುಗಿದ 90 ಮೀಟರಿನ ಸಾಲ್ಗಿನಾಟೋಬೆಲ್ ಸೇತುವೆಗೆ ಎಂಜಿನಿಯರ್ ರಾಬರ್ಟ್ ಮೈಯಾರ್ ಮೊದಲು ತೆಳು ಕಮಾನು ಹಾಕಿಸಿ, ಅದು ಗಟ್ಟಿಯಾದ ಮೇಲೆ ಅದರ ಬಲದಲ್ಲೇ ಉಳಿದ ಭಾಗ ಕಟ್ಟಿಸಿದರು. ಸೆಂಟ್ರಿಂಗ್ ಹಗುರಾಯಿತು. ನಾವೂ ಕಮಾನಿನ ಭಾರಕ್ಕೆ ಮಾತ್ರ ಕಬ್ಬಿಣದ ಟ್ರಸ್ (ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು) ಕಟ್ಟಿದೆವು. ಮೇಲಿನ ಕಂಬ, ರಸ್ತೆ ಎಲ್ಲ ಆಮೇಲೆ.

ಎರಡೂ ಬುಡದಿಂದ ಸಮನಾಗಿ ತುಂಡು ತುಂಡಾಗಿ ಕಾಂಕ್ರೀಟ್ ಹಾಕುತ್ತಾ ಹೋದೆವು. ಮೂರನೇ ತುಂಡು ಮುಗಿದಾಗ ಲೆವೆಲ್ ನೋಡಿದರೆ ಟ್ರಸ್ಸಿನ ನೆತ್ತಿ 12 ಮಿಲಿಮೀಟರ್ ಮೇಲೆದ್ದಿತ್ತು! ಕೆಳಗೆ ಕುಸಿಯಬಹುದೆಂದು ಕಾಯುತ್ತಿದ್ದ ನನಗೆ ಕೈಕಾಲು ತಣ್ಣಗಾಯಿತು. ಕೆಲಸ ನಿಲ್ಲಿಸಿದೆ.

"ಸಾರ್, ಎರಡು ಪಕ್ಕ ಅದುಮಿದರೆ ನೆತ್ತಿ ಏಳಲೇಬೇಕು ಅಲ್ವಾ? ಮರಳಿನ ಚೀಲ ಹೇರೋಣ" ಎಂದರು ಮೇಸ್ತ್ರಿ.

ಅವರ ಮಾತು ಸರಿ. ಡ್ರಾಯಿಂಗಿನಲ್ಲೇ ನಾನು ಬರೆದಿರಬೇಕಿತ್ತು. ಚೀಲ ಹೇರಿದ ಹಾಗೆ ನೆತ್ತಿ ಇಳಿಯಿತು. ಮುಂದೆ ಕಾಂಕ್ರೀಟ್ ನೆತ್ತಿಯ ಹತ್ತಿರ ಬಂದಂತೆಲ್ಲ ಚೀಲ ತೆಗೆಯುತ್ತಾ ಹೋದೆವು. ನಡುವಿನ ಕೊನೆಯ ತುಂಡನ್ನು ನಸುಕಿನ ತಂಪಿನಲ್ಲಿ ತುಂಬಿದೆವು. ಬಿಸಿಲಿಗೆ ಟ್ರಸ್ ಹಿಗ್ಗಿರುವಾಗ ಕೂಡಿಸಬಾರದು.

ಗೋಣಿಚೀಲ ಹೊದಿಸಿ ನೀರುಣಿಸಿದೆವು. ಅದೇ ಕಾಂಕ್ರೀಟಿನ ಘನಗಳನ್ನು 28 ದಿನಕ್ಕೆ ಒಡೆದು ಬಲ ಅಳೆಯುವ ಕ್ಯೂಬ್ ಪರೀಕ್ಷೆಯ ಫಲಿತಾಂಶ ಬಂದ ಮೇಲೇ ಸೆಂಟ್ರಿಂಗ್ ಇಳಿಸಲು ಒಪ್ಪಿದೆ. ಟ್ರಸ್ಸಿನ ಕಾಲಡಿ ಒಣ ಮರಳು ತುಂಬಿದ ಕಬ್ಬಿಣದ ಡಬ್ಬಿಗಳಿದ್ದವು. ಎರಡೂ ದಡದಲ್ಲಿ ಒಂದೇ ಸಲ ಬಿರಡೆ ತೆಗೆದೆವು, ಸ್ವಲ್ಪ ಮರಳು ಬಿಟ್ಟು ಮುಚ್ಚಿದೆವು, ಲೆವೆಲ್ ನೋಡಿದೆವು, ಮತ್ತೆ ಬಿಟ್ಟೆವು. ಇಡೀ ಬೆಳಗ್ಗೆ ಅದೇ ಆಯಿತು. ಕಮಾನು 7 ಮಿಲಿಮೀಟರ್ ಇಳಿದು ನಿಂತಿತು. ಟ್ರಸ್ ಇಳಿಯುತ್ತಲೇ ಇತ್ತು. ಹಲಗೆಗೂ ಕಾಂಕ್ರೀಟಿಗೂ ನಡುವೆ ಬೆಳಕಿನ ಗೆರೆ ಕಂಡಿತು.