ಮೆಕ್ಯಾನಿಕ್ ಎದುರು ಮಾತ್ರ ಸರಿಯಿರುವ ಗಾಡಿ: ಬಂದು ಹೋಗುವ ವೈರಿಂಗ್ ತೊಂದರೆ ಹಿಡಿಯುವುದು ಹೇಗೆ

ಹಳೆ ಬೈಕ್ ಪೂರ್ತಿ ಕೆಟ್ಟು ನಿಂತರೆ ದೊಡ್ಡ ಚಿಂತೆಯಿಲ್ಲ. ಕೆಟ್ಟ ಜಾಗ ಎಲ್ಲೂ ಓಡಿ ಹೋಗುವುದಿಲ್ಲ, ಹುಡುಕಿದರೆ ಸಿಗುತ್ತದೆ. ತಲೆ ತಿನ್ನುವುದು ಒಮ್ಮೆ ಕೆಟ್ಟು ಒಮ್ಮೆ ತಾನೇ ಸರಿಯಾಗುವ ಗಾಡಿ. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಅದೇ ಜಾತಿ.

ನನ್ನದು 30 ವರ್ಷ ದಾಟಿದ ಟೂ ಸ್ಟ್ರೋಕ್. ಒಂದು ಆರಿದ್ರಾ ಮಳೆಯಲ್ಲಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದ ಕಡೆ ಬರುವಾಗ ತಿರುವಿನಲ್ಲಿ ಫಟ್ ಅಂತ ಆಫ್ ಆಯಿತು. ಕಿಕ್ ಹೊಡೆದೆ, ಸ್ಟಾರ್ಟ್. ಇನ್ನೆರಡು ತಿರುವು ಹೋದ ಮೇಲೆ ಮತ್ತೆ ಆಫ್. ಮೂಡಿಗೆರೆಯಲ್ಲಿ ಒಬ್ಬ ಮೆಕ್ಯಾನಿಕ್ ಅರ್ಧ ದಿನ ಸ್ಟ್ಯಾಂಡ್ ಮೇಲೆ ಓಡಿಸಿ ನೋಡಿ, "ಅಣ್ಣಾ, ಗಾಡಿಗೆ ಏನೂ ಆಗಿಲ್ಲ, ಮಳೇಲಿ ಒಮ್ಮೊಮ್ಮೆ ಹಂಗೇ" ಅಂದ. ನಾನು ಸುಮ್ಮನಿರಬೇಕಲ್ಲ. ಪ್ಲಗ್ ಬದಲಿಸಿದೆ, ಕಿಡಿಯ ಹೊತ್ತು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಡಬ್ಬಿ ಸಿಡಿಐ ಬದಲಿಸಿದೆ, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಬದಲಿಸಿದೆ. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ. ಅದು ಏನಾಗಿತ್ತು ಅನ್ನುವುದು ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಕತ್ತಿನ ಬೇರಿಂಗ್) ಮಾತು ಬಂದಾಗ ಬರುತ್ತದೆ.

ಅದಾದ ಮೇಲೆ ನಾನು ಸಾಮಾನು ಕೊಳ್ಳುವ ಮೊದಲು ಮಾಡುವ ಕೆಲಸ ಒಂದೇ. ಚೀಟಿ ಬರೆಯುವುದು. ಯಾವಾಗ ಕೆಟ್ಟಿತು, ಎಷ್ಟು ಹೊತ್ತು ಓಡಿದ ಮೇಲೆ, ಮಳೆ ಇತ್ತಾ, ಗುಂಡಿಗೆ ಬಿದ್ದಾಗಲಾ, ಹ್ಯಾಂಡಲ್ ಯಾವ ಕಡೆ ತಿರುಗಿತ್ತು, ಲೈಟ್ ಅಥವಾ ಬ್ರೇಕ್ ಲೈಟ್ ಉರಿಯುತ್ತಿತ್ತಾ, ಎಷ್ಟು ಹೊತ್ತು ಬಿಟ್ಟ ಮೇಲೆ ಸರಿಹೋಯಿತು. ನಾಲ್ಕೈದು ಸಲದ್ದು ಬರೆದರೆ ಒಂದು ದಾರಿ ಕಾಣುತ್ತದೆ. ಬಿಸಿ, ನೀರು, ಅಲುಗಾಟ, ತಿರುವು, ಲೋಡು (ಲೈಟು, ಹಾರ್ನು ಎಳೆಯುವ ಕರೆಂಟ್). ಈ ಐದರಲ್ಲಿ ಯಾವುದು ಅಂತ ಗೊತ್ತಾದರೆ ತೊಂದರೆಯನ್ನು ನಾವು ಕರೆದಾಗ ಬರುವ ಹಾಗೆ ಮಾಡಬಹುದು. ಅದು ಬಂದಿರುವಾಗಲೇ ಹಿಡಿಯಬೇಕು. ಸರಿಯಿರುವ ಗಾಡಿಯನ್ನು ಎಷ್ಟು ಚೆಕ್ ಮಾಡಿದರೂ ಸರಿಯಾಗೇ ಇರುತ್ತದೆ.

ಇನ್ನೊಂದು ಪ್ರಶ್ನೆ, ಜೊತೆಗೆ ಇನ್ನೇನು ಸತ್ತಿತು? ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲ ಒಟ್ಟಿಗೆ ಹೋದರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಇಗ್ನಿಷನ್ ಸ್ವಿಚ್ ಕಡೆ ನೋಡಿ. ಹಾರ್ನ್ ಜೋರಾಗಿ ಕೂಗುತ್ತಿದ್ದು ಎಂಜಿನ್ ಮಾತ್ರ ನಿಂತರೆ ಇಗ್ನಿಷನ್ ಕಡೆ, ಅಂದರೆ ಕಿಡಿ ಹುಟ್ಟಿಸುವ ಭಾಗಗಳ ಕಡೆ. ಒಂದೇ ಇಂಡಿಕೇಟರ್ ಹೋದರೆ ಆ ಬಲ್ಬಿನ ಹೋಲ್ಡರ್, ಅದರ ಅರ್ತ್ (ಕರೆಂಟ್ ಚಾಸಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಅಷ್ಟೇ. ಇಲ್ಲಿ ನಿಮ್ಮ ಗಾಡಿಯ ಜಾತಿ ಗೊತ್ತಿರಬೇಕು. 80, 90ರ ದಶಕದ ಎಷ್ಟೋ ಸಣ್ಣ ಬೈಕ್‌ಗಳಲ್ಲಿ ಸಿಡಿಐ ಮತ್ತು ಹೆಡ್‌ಲೈಟ್‌ಗೆ ಕರೆಂಟ್ ನೇರ ಮ್ಯಾಗ್ನೆಟ್‌ನಿಂದ (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ) ಬರುತ್ತದೆ, ಬ್ಯಾಟರಿ ಇರುವುದು ಹಾರ್ನ್, ಇಂಡಿಕೇಟರ್‌ಗೆ. ಅಂಥ ಗಾಡಿ ಬ್ಯಾಟರಿ ಇಲ್ಲದೆಯೂ ಓಡುತ್ತದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಹಳೆಯವು 6 ವೋಲ್ಟಿನವು. ಅಲ್ಲಿ ಪಾಯಿಂಟ್‌ಗೆ (ಸಿಡಿಐ ಬದಲಿಗೆ ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಸ್ವಿಚ್) ಬ್ಯಾಟರಿಯೇ ಆಧಾರ, ಅದರ ಟರ್ಮಿನಲ್ ಲೂಸ್ ಆದರೆ ಎಂಜಿನ್ನೇ ನಿಲ್ಲುತ್ತದೆ. ಒಂದೇ ಲಕ್ಷಣ, ಎರಡು ಗಾಡಿಯಲ್ಲಿ ಎರಡು ಕಾರಣ.

ವೈರ್ ಮುಟ್ಟುವ ಮುಂಚೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ತಮಾಷೆ ಅಲ್ಲ. ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ ಹದಿನೈದು ಇಪ್ಪತ್ತು ನಿಮಿಷ ಓಡಿ ಪೆಟ್ರೋಲ್ ಇಳಿಯದೆ ಎಂಜಿನ್ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಥೇಟ್ ಕಾಯಿಲ್ ಹೋದ ಹಾಗೆ. ನಿಂತ ಕೂಡಲೇ ಮುಚ್ಚಳ ತೆಗೆದಾಗ ಉಸ್ ಅಂತ ಗಾಳಿ ಎಳೆದುಕೊಂಡರೆ ಇದೇ ಕಾರಣ. ಇದಕ್ಕೆ ಸಿಡಿಐ ಬದಲಿಸಿದವರು ನನಗೆ ಗೊತ್ತು.

ಈಗ ಸಾಮಾನು. ಸಾಧಾರಣ ಮಲ್ಟಿಮೀಟರ್ ಸಾಕು. ಆದರೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಟೆಸ್ಟ್ ಲ್ಯಾಂಪ್. ಹಳೆ ಇಂಡಿಕೇಟರ್‌ನ 12 ವೋಲ್ಟ್, 10 ವ್ಯಾಟ್ ಬಲ್ಬಿಗೆ ಎರಡು ಉದ್ದ ವೈರ್ ಬೆಸುಗೆ ಹಾಕಿ, ತುದಿಗೆ ಕ್ಲಿಪ್ ಹಾಕಿಕೊಳ್ಳಿ. ಯಾಕೆ ಅಂದರೆ ಮೀಟರ್ ವೋಲ್ಟ್ ಅಳೆಯುವಾಗ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಒಳಗೆ ಎಲ್ಲ ಎಳೆ ತುಂಡಾಗಿ ಒಂದೇ ಎಳೆ ಉಳಿದ ವೈರಿನಲ್ಲೂ ಅದು ಆರಾಮಾಗಿ 12.6 ತೋರಿಸುತ್ತದೆ, ನಾವು ವೈರ್ ಸರಿಯಿದೆ ಅಂತ ಮುಂದೆ ಹೋಗುತ್ತೇವೆ. ಬಲ್ಬ್ ಹಾಗಲ್ಲ. 10 ವ್ಯಾಟ್ ಬಲ್ಬಿಗೆ ಮುಕ್ಕಾಲು ಆಂಪಿಯರ್ ಮೇಲೆ ಬೇಕು, ವೈರ್ ಸೋತಿದ್ದರೆ ಮಂಕಾಗಿ ಉರಿದು ಗುಟ್ಟು ಬಿಟ್ಟುಕೊಡುತ್ತದೆ. ಆದರೆ ಇದನ್ನು ಬ್ಯಾಟರಿಯಿಂದ ಬರುವ ಲೈನುಗಳಲ್ಲಿ ಮಾತ್ರ ಹಚ್ಚಿ. ಸಿಡಿಐ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೂಡಿಕೆ) ಒಳಗೆ ಬೇಡ, ಮ್ಯಾಗ್ನೆಟ್‌ನಿಂದ ಅಲ್ಲಿಗೆ ಬರುವ ವೋಲ್ಟೇಜ್ ಕೈಗೆ ಚೆನ್ನಾಗಿ ಹೊಡೆಯುತ್ತದೆ.

ಬ್ಯಾಟರಿಯಿಂದಲೇ ಶುರು ಮಾಡಿ. ರಾತ್ರಿ ನಿಂತ 12 ವೋಲ್ಟಿನ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಒಳ್ಳೆಯದು, 12.2 ಅಂದರೆ ಅರ್ಧ ಖಾಲಿ. ಆಕ್ಸಿಲರೇಟರ್ ಕೊಟ್ಟಾಗ 13.5ರಿಂದ 14.5ರ ಒಳಗೆ ಬರಬೇಕು. ಏರದಿದ್ದರೆ ಚಾರ್ಜಿಂಗ್ ಇಲ್ಲ, 15 ದಾಟಿದರೆ ಆರ್‌ಆರ್ ಯೂನಿಟ್ (ಚಾರ್ಜಿಂಗ್ ವೋಲ್ಟೇಜ್ ಹದದಲ್ಲಿಡುವ ಡಬ್ಬಿ) ಕಡೆ ನೋಡಿ, ಅದು ಬಲ್ಬ್ ಸುಡುತ್ತಲೇ ಇರುತ್ತದೆ.

ಆಮೇಲೆ ಅರ್ತ್. ನನ್ನ ಲೆಕ್ಕದಲ್ಲಿ ನಮ್ಮ ಮಲೆನಾಡಿನ ಗಾಡಿಗಳ ಅರ್ಧ ತೊಂದರೆ ಇಲ್ಲೇ ಇರುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಉಳಿದದ್ದರಲ್ಲಿ ಮಂಜು. ಚಾಸಿಗೆ ಬೋಲ್ಟ್ ಹಾಕಿರುವ ಅರ್ತ್ ವೈರಿನ ಕೆಳಗೆ ತುಕ್ಕು ಬರುತ್ತದೆ, ಇಲ್ಲವಾದರೆ ಯಾರೋ ಚಾಸಿಗೆ ಹೊಸದಾಗಿ ಪೇಂಟ್ ಹೊಡೆಸಿ ಆ ಪೇಂಟಿನ ಮೇಲೇ ಬೋಲ್ಟ್ ಬಿಗಿದಿರುತ್ತಾರೆ. ಪೇಂಟ್ ಕರೆಂಟ್ ಬಿಡುವುದಿಲ್ಲ. ಬೋಲ್ಟಿನ ಹಲ್ಲಿನಲ್ಲಿ ಅಷ್ಟಿಷ್ಟು ತಾಗಿ ಕೆಲಸ ನಡೆಯುತ್ತಿರುತ್ತದೆ, ಗುಂಡಿಗೆ ಬಿದ್ದಾಗ ಕೈ ಕೊಡುತ್ತದೆ. ಪರೀಕ್ಷೆ ಸುಲಭ. ಬ್ರೇಕ್ ಲೈಟ್, ಹಾರ್ನ್ ಎಲ್ಲ ಒಟ್ಟಿಗೆ ಹಾಕಿ ಲೋಡ್ ಕೊಡಿ. ಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಚಾಸಿಯ ಬರಿ ಲೋಹದ ಮೇಲೆ. ಸೊನ್ನೆಯ ಹತ್ತಿರ ತೋರಿಸಬೇಕು. 0.2, 0.3 ದಾಟಿದರೆ ಬಿಚ್ಚಿ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕ್ ಲೈಟೂ ಮಿಣುಕುತ್ತದೆ ಅನ್ನುವಂಥ ವಿಚಿತ್ರಗಳು ಹೆಚ್ಚಾಗಿ ಅರ್ತ್ ಸಿಗದೆ ಕರೆಂಟ್ ಬೇರೆ ಬಲ್ಬಿನ ಮೂಲಕ ದಾರಿ ಹುಡುಕುವುದರಿಂದ ಬರುತ್ತವೆ.

ಫ್ಯೂಸ್ ಕಣ್ಣಿಗೆ ಸರಿ ಕಂಡರೂ ನಂಬಬೇಡಿ. ಗಾಜಿನ ಫ್ಯೂಸಿನ ಮುಚ್ಚಳದ ಒಳಗೆ ಎಳೆ ಬಿಟ್ಟಿರುತ್ತದೆ, ಹೋಲ್ಡರಿನ ಸ್ಪ್ರಿಂಗ್ ಸಡಿಲಾಗಿರುತ್ತದೆ. ಕೈಯಿಟ್ಟರೆ ಬಿಸಿ ಇದ್ದರೆ ಹೋಲ್ಡರ್ ಬದಲಿಸಿ. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಜರಿ ಕಾಗದ ಸುತ್ತುವ ಚಾಳಿ ಇದ್ದರೆ ಬಿಡಿ, ಮುಂದೆ ಸುಡುವುದು ಪೂರ್ತಿ ವೈರಿಂಗ್.

ಇನ್ನು ಅಲುಗಾಡಿಸುವುದು. ಸಂಜೆ ಕತ್ತಲಾದ ಮೇಲೆ ಮಾಡಿ, ಬಲ್ಬ್ ಮಿಣುಕುವುದು, ಕಿಡಿ ಹಾರುವುದು ಚೆನ್ನಾಗಿ ಕಾಣುತ್ತದೆ. ಕೀ ಆನ್ ಮಾಡಿ, ಟೆಸ್ಟ್ ಲ್ಯಾಂಪನ್ನು ಸಂಶಯವಿರುವ ಲೈನಿಗೆ ಸಿಕ್ಕಿಸಿ, ಒಂದೊಂದೇ ಕಪ್ಲರ್, ಒಂದೊಂದೇ ಜಾಯಿಂಟ್ ಹಿಡಿದು ಮೆಲ್ಲಗೆ ಅಲುಗಿಸಿ. ಎಲ್ಲವನ್ನೂ ಒಟ್ಟಿಗೆ ಎಳೆದಾಡಿದರೆ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಇನ್ನೂ ಕೆಟ್ಟದು, ತಾತ್ಕಾಲಿಕವಾಗಿ ಸರಿಯಾಗಿಬಿಡುತ್ತದೆ. ಹೆಡ್‌ಲೈಟ್ ಡೂಮ್ ಒಳಗೆ ಜಾಯಿಂಟುಗಳ ಜಾತ್ರೆಯೇ ಇರುತ್ತದೆ, ಅಲ್ಲಿ ಹೊತ್ತು ಹಾಕಿ. ಸೀಟಿನ ಕೆಳಗೆ, ಹಿಂದಿನ ಮಡ್‌ಗಾರ್ಡ್ ಒಳಗೂ ನೋಡಿ. ತೋಟದ ಗೋಡೌನಿನಲ್ಲಿ ನಿಲ್ಲಿಸುವ ಗಾಡಿಯಾದರೆ ಇಲಿ ಕಡಿದಿದೆಯಾ ಅಂತಲೂ.

ಈಗ ಕೋನ್‌ಸೆಟ್. ಹ್ಯಾಂಡಲ್ ತಿರುಗಿದಾಗೆಲ್ಲ ಮಡಚಿ ಬಿಚ್ಚುವ ವೈರ್ ಕಟ್ಟು ಇಲ್ಲೇ ಹಾದು ಹೋಗುತ್ತದೆ. ನನ್ನ ಚೀಟಿಯಲ್ಲಿ ನಾಲ್ಕು ಸಲದ್ದು ಬರೆದ ಮೇಲೆ ಕಂಡದ್ದು ಇಷ್ಟು: ಘಾಟಿಯಲ್ಲಿ ಆಫ್ ಆದದ್ದೆಲ್ಲ ಎಡ ತಿರುವಿನಲ್ಲಿ. ಇನ್ನೊಂದು ತಾನಾಗೇ ನೆನಪಾಯಿತು. ಬೆಳಿಗ್ಗೆ ಹ್ಯಾಂಡಲ್ ಲಾಕ್ ತೆಗೆದು, ಎಡಕ್ಕೆ ತಿರುಗಿದ್ದ ಹಾಗೇ ಕಿಕ್ ಹೊಡೆದರೆ ಕಾಲು ನೋಯುವುದೊಂದೇ ಲಾಭ. ತಳ್ಳೋಣ ಅಂತ ನೇರ ಮಾಡಿದರೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಇಷ್ಟು ದಿನ ಅದಕ್ಕೆ ಚಳಿ ಕಾರಣ ಅಂದುಕೊಂಡಿದ್ದೆ!

ಮ್ಯಾಗ್ನೆಟ್‌ನಿಂದ ಓಡುವ ಸಿಡಿಐ ಗಾಡಿಗಳಲ್ಲಿ ಕೀ ಆಫ್ ಮಾಡುವುದು ಅಂದರೆ ಸಿಡಿಐನಿಂದ ಬರುವ ಒಂದು ವೈರನ್ನು ಅರ್ತ್‌ಗೆ ಮುಟ್ಟಿಸುವುದು. ನನ್ನ ಗಾಡಿಯಲ್ಲಿ ಆ ವೈರ್ ಚಾಸಿಗೆ ಉಜ್ಜಿ ಉಜ್ಜಿ ಸಿಪ್ಪೆ ಸವೆದು, ಅಕ್ಕಿ ಕಾಳಿನಷ್ಟು ತಾಮ್ರ ಹೊರಗೆ ಬಂದಿತ್ತು. ಎಡಕ್ಕೆ ತಿರುಗಿಸಿದರೆ ಚಾಸಿಗೆ ತಾಗುತ್ತಿತ್ತು. ಗಾಡಿಯ ಪ್ರಕಾರ ನಾನೇ ಕೀ ಆಫ್ ಮಾಡುತ್ತಿದ್ದೆ. ಇದನ್ನು ಖಚಿತ ಮಾಡಿಕೊಳ್ಳುವ ದಾರಿ ಇದೆ. ಸಿಡಿಐ ಹತ್ತಿರ ಆ ಒಂದು ವೈರನ್ನು ಬಿಡಿಸಿ ಟೇಪ್ ಸುತ್ತಿ ಓಡಿಸಿ. ತೊಂದರೆ ಮಾಯವಾದರೆ ತಪ್ಪು ಆ ಲೈನಿನಲ್ಲೇ, ಅಂದರೆ ವೈರು, ಇಗ್ನಿಷನ್ ಸ್ವಿಚ್ ಅಥವಾ ಕಿಲ್ ಸ್ವಿಚ್‌ನಲ್ಲಿ. ಆದರೆ ಆಗ ಕೀ ತಿರುಗಿಸಿದರೂ ಎಂಜಿನ್ ನಿಲ್ಲುವುದಿಲ್ಲ, ಟಾಪ್ ಗೇರಿನಲ್ಲಿ ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ಟು ನಿಲ್ಲಿಸಬೇಕು. ಪೇಟೆಯೊಳಗೆ ಈ ಪ್ರಯೋಗ ಬೇಡ, ಖಾಲಿ ರಸ್ತೆಯಲ್ಲಿ ಮಾಡಿ.

ಬಿಸಿಯಾದಾಗ ಮಾತ್ರ ಬರುವ ತೊಂದರೆ ಬೇರೆ ಥರ. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಸೆಕೆಂಡ್ ಗೇರಿನಲ್ಲಿ ಹತ್ತಿಸಿದರೆ ಅರ್ಧ ದಾರಿಯಲ್ಲಿ ಸಾಯುತ್ತದೆ, ಹತ್ತು ನಿಮಿಷ ಆರಿದ ಮೇಲೆ ಏಳುತ್ತದೆ. ಟ್ಯಾಂಕ್ ಮುಚ್ಚಳ ಸರಿಯಿದ್ದರೆ ಪಿಕಪ್ ಕಾಯಿಲ್ (ಕಿಡಿ ಯಾವಾಗ ಬೇಕು ಅಂತ ಸಿಡಿಐಗೆ ತಿಳಿಸುವ ಕಾಯಿಲ್) ಅಥವಾ ಇಗ್ನಿಷನ್ ಕಾಯಿಲ್ ಮೇಲೆ ಸಂಶಯ ಪಡಿ. ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಬಿಡುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಜೇಬಿನಲ್ಲಿ ಒಂದು ಒಳ್ಳೆ ಪ್ಲಗ್ ಇಟ್ಟುಕೊಂಡು ಹೋಗಿ. ನಿಂತ ಕ್ಷಣವೇ ಅದನ್ನು ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯಿರಿ, ಹಳೆ ಪ್ಲಗ್ ಇದ್ದಲ್ಲೇ ಇರಲಿ, ಸುತ್ತ ಪೆಟ್ರೋಲ್ ಸೋರಿರಬಾರದು. ಕಿಡಿ ಇಲ್ಲದಿದ್ದರೆ ಬಿಸಿ ಇರುವಾಗಲೇ ಪಿಕಪ್ ಕಾಯಿಲಿನ ಓಮ್ಸ್ ಅಳೆದು ಬರೆದುಕೊಳ್ಳಿ, ತಣ್ಣಗಾದ ಮೇಲೆ ಇನ್ನೊಮ್ಮೆ. ಬಿಸಿಗೆ ಸ್ವಲ್ಪ ಏರುವುದು ಸಹಜ. ಮೀಟರ್ ಅಂಕೆಯನ್ನೇ ತೋರಿಸದಿದ್ದರೆ ಕಾಯಿಲ್ ಕಥೆ ಮುಗಿಯಿತು.

ಮಳೆ ತೊಂದರೆಗೆ ಮಳೆ ಕಾಯಬೇಕಾಗಿಲ್ಲ. ಗಿಡಕ್ಕೆ ನೀರು ಹೊಡೆಯುವ ಸಣ್ಣ ಸ್ಪ್ರೇ ಬಾಟಲಿ ತಗೊಂಡು, ಕತ್ತಲಲ್ಲಿ ಎಂಜಿನ್ ಓಡುವಾಗ ಪ್ಲಗ್ ಕ್ಯಾಪ್, ಅದರ ದಪ್ಪ ವೈರ್, ಸ್ವಿಚ್ ಕಡೆ ಒಂದೊಂದಾಗಿ ಹೊಡೆಯಿರಿ. ನೀಲಿ ಕಿಡಿ ಹೊರಗೆ ಹಾರುವುದು ಕಣ್ಣಿಗೇ ಕಾಣುತ್ತದೆ. ಆ ವೈರ್ ಮಾತ್ರ ಕೈಯಲ್ಲಿ ಹಿಡಿಯಬೇಡಿ.

ಫ್ಯೂಸ್ ಆಗಾಗ ಸುಡುತ್ತಿದ್ದರೆ ಫ್ಯೂಸ್ ತೆಗೆದು ಆ ಜಾಗದಲ್ಲಿ ಟೆಸ್ಟ್ ಲ್ಯಾಂಪ್ ಕೂರಿಸಿ, ಬಲ್ಬುಗಳೆಲ್ಲ ಆಫ್ ಇರಲಿ. ವೈರ್ ಅಲುಗಿಸುತ್ತಾ ಹೋಗಿ. ಲ್ಯಾಂಪ್ ಜಗ್ ಅಂತ ಪೂರ್ತಿ ಉರಿದ ಜಾಗದಲ್ಲಿ ಶಾರ್ಟ್ ಇದೆ.

ರಿಪೇರಿಯಲ್ಲಿ ಅವಸರ ಮಾಡಬೇಡಿ. ಸಿಪ್ಪೆ ಸುಲಿದಾಗ ತಾಮ್ರ ಕಪ್ಪಗೆ ಅಥವಾ ಹಸಿರಾಗಿ ಕಂಡರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ವೈರ್ ಸೇರಿಸಿ. ಹೊಸೆದು ಟೇಪ್ ಸುತ್ತಿದರೆ ಒಂದು ಬೇಸಿಗೆಗೆ ಅಂಟು ಕರಗಿ ಜಾರುತ್ತದೆ. ಬೆಸುಗೆ ಹಾಕಿ, ಮೇಲೆ ಬಿಸಿಗೆ ಬಿಗಿಯುವ ಕೊಳವೆ ಹಾಕಿ. ಕೋನ್‌ಸೆಟ್ ಹತ್ತಿರ ಮಾತ್ರ ಬೆಸುಗೆ ಜಾಯಿಂಟ್ ಬೇಡ, ಮಡಚುವ ಜಾಗದಲ್ಲಿ ಬೆಸುಗೆಯ ಅಂಚಿಗೇ ವೈರ್ ಮುರಿಯುತ್ತದೆ. ಅಲ್ಲಿ ಉದ್ದ ವೈರ್ ಹಾಕಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಳೆತ ಇಲ್ಲ ಅಂತ ನೋಡಿಯೇ ಕಟ್ಟಿ.

ನಾನು ಆ ವೈರಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಹೊದಿಸಿ ಕಟ್ಟಿ, ಮಳೆ ಬರುವ ದಿನವೇ ನೋಡಿ ಮತ್ತೆ ಚಾರ್ಮಾಡಿ ಇಳಿದು ಹತ್ತಿದೆ. ಎಡ ತಿರುವೆಲ್ಲ ದಾಟಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಾಗ ಹಾರ್ನ್ ಕೂಗಲಿಲ್ಲ. ಹೊಸ ಚೀಟಿ ಶುರುವಾಗಿದೆ.