ನಾಲ್ಕನೇ ಜಾರ್‌ನಲ್ಲಿ ಮದರ್ ಕಟ್ಟಿತು

ಸೇಬಿನ ವಿನೆಗರ್ ಮನೆಯಲ್ಲೇ ಮಾಡ್ತೀನಿ ಅಂದಾಗ ಮನೆಯವರೆಲ್ಲ ಹೇಳಿದ್ದು ಒಂದೇ, "ಸುಮ್ನೆ ಹಣ್ಣು ಕೊಳೆಸ್ತೀಯ". ಮೊದಲ ಮೂರು ಜಾರ್ ನೋಡಿದ್ದರೆ ನೀವೂ ಹಾಗೇ ಅಂತಿದ್ದಿರಿ.

ಮೊದಲನೆಯದರಲ್ಲಿ ಚೂರುಗಳ ಮೇಲೆ ಭಾರ ಇಟ್ಟಿರಲಿಲ್ಲ, ತೇಲಿ ಬೂಷ್ಟು ಹಿಡಿಯಿತು. ಎರಡನೆಯದಕ್ಕೆ ಬಟ್ಟೆ ಸಡಿಲವಾಗಿತ್ತು, ಹಣ್ಣುನೊಣ ಒಳಗೆ ಮೊಟ್ಟೆ ಇಟ್ಟವು. ಹೊಟ್ಟೆ ಉರಿದದ್ದು ಮೂರನೆಯದಕ್ಕೆ. ಸುಮಾರು 3 ಕಿಲೋ ಒಳ್ಳೆ ಸೇಬು ದುಡ್ಡು ಕೊಟ್ಟು ತಂದು, ಬಿಗಿ ಮುಚ್ಚಳ ಹಾಕಿ ಎರಡು ತಿಂಗಳು ಕಾದೆ. ತೆಗೆದರೆ ಬರೀ ಹೆಂಡದ ವಾಸನೆ, ಹುಳಿಯೇ ಇಲ್ಲ. ಯೀಸ್ಟ್ ಗಾಳಿ ಇಲ್ಲದೆಯೂ ಸಕ್ಕರೆಯನ್ನು ಮದ್ಯ ಮಾಡುತ್ತೆ, ಆದರೆ ಅದನ್ನು ಹುಳಿ ಮಾಡೋ ಅಸಿಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾಗೆ ಗಾಳಿ ಬೇಕೇ ಬೇಕು. ಅದು ಗೊತ್ತಿದ್ದೂ ಮುಚ್ಚಳ ತೆಗೆದಿರಲಿಲ್ಲ.

ನಾಲ್ಕನೆಯದಕ್ಕೆ ಹಣ್ಣು ಕೊಳ್ಳಲೇ ಇಲ್ಲ, ತಿಂದು ಉಳಿದ ಸಿಪ್ಪೆ, ದಿಂಡು ಮಾತ್ರ. ಒಂದು ಕಪ್ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ. ಎರಡು ವಾರ ದಿನಾ ಕಲಕಿ, ನೊರೆ ನಿಂತ ಮೇಲೆ ಸೋಸಿ, ಅಗಲ ಬಾಯಿಯ ಜಾರ್‌ಗೆ ಮುಕ್ಕಾಲು ತುಂಬಿ ದಪ್ಪ ಬಟ್ಟೆ ಕಟ್ಟಿದೆ. ಸೋಸಿದ ದಿನ ಇನ್ನೊಂದು ಕೆಲಸ ಮಾಡ್ತೀನಿ, ಅದು ನನ್ನ ಹತ್ತಿರವೇ ಇರಲಿ. ಇಪ್ಪತ್ತು, ಇಪ್ಪತ್ತೈದು ದಿನಕ್ಕೆ ಮೇಲೆ ಆ ಬ್ಯಾಕ್ಟೀರಿಯಾದ ಲೋಳೆಯಂಥ ಬಿಳಿ ಪದರ ಕಟ್ಟಿತು, ಅದನ್ನೇ ಮದರ್ ಅಂತಾರೆ. ಇಷ್ಟು ಚೆಂದದ ಮದರ್ ನಾನು ಬೇರೆಲ್ಲೂ ನೋಡಿಲ್ಲ, ಎಲ್ಲರನ್ನೂ ಕರೆದು ತೋರಿಸಿದೆ.

ನಡುವೆ ಸಕ್ಕರೆ ಬದಲು ಜೇನು ಹಾಕಿ ನೋಡಿದೆ. ನನ್ನ ಜಾರ್‌ನಲ್ಲಿ ನಿಧಾನ ಆಯ್ತು, ರುಚಿ ಮಾತ್ರ ಮೃದು. ಇನ್ನೊಂದನ್ನು ಐದಾರು ತಿಂಗಳು ಹಾಗೇ ತೆರೆದಿಟ್ಟೆ, ಹುಳಿಯೇ ಇಳಿದುಹೋಯ್ತು! ಮದ್ಯ ಮುಗಿದ ಮೇಲೆ ಅದೇ ಬ್ಯಾಕ್ಟೀರಿಯಾ ಆಮ್ಲವನ್ನೂ ತಿನ್ನುತ್ತೆ. ಈಗ ರುಚಿ ಬಂದ ಕೂಡಲೇ ಬಾಟಲಿಗೆ ಕಂಠಪೂರ್ತಿ ತುಂಬಿ ಬಿಗಿ ಮಾಡ್ತೀನಿ.

ಕುಡಿಯೋದು ದೊಡ್ಡ ಲೋಟ ನೀರಿಗೆ ಒಂದು ಚಮಚ, ಊಟದ ಜೊತೆ. ಒಮ್ಮೆ ಹಾಗೇ ಕುಡಿದು ಗಂಟಲು ಉರಿದಿತ್ತು, ಹಲ್ಲಿನ ಎನಾಮಲ್‌ಗೂ ಅದು ಕೆಟ್ಟದ್ದು. ಊಟದ ನಂತರ ಏರುವ ಸಕ್ಕರೆಯನ್ನು ಸ್ವಲ್ಪ ತಗ್ಗಿಸುತ್ತೆ, ಅಷ್ಟೇ. ಅದನ್ನು ನಂಬಿ ಮಾತ್ರೆ ಬಿಡಬೇಡಿ. ಇನ್ಸುಲಿನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಪಿಎಚ್ ಕಾಗದ 3ರ ಹತ್ತಿರ ತೋರಿಸಿತು. ಆಮ್ಲ ಶೇಕಡಾ ಎಷ್ಟು ಅಂತ ಅದು ಹೇಳೋದಿಲ್ಲ ಅಲ್ವಾ, ಅದಕ್ಕೇ ಆಹಾರ ಕೆಡದಂತೆ ಇಡೋಕೆ ನನ್ನ ವಿನೆಗರ್ ಬಳಸೋದಿಲ್ಲ. ಐದನೇ ಜಾರ್‌ಗೆ ಟೈಟ್ರೇಶನ್, ಅಂದ್ರೆ ಆಮ್ಲ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ, ಮಾಡಿ ನೋಡ್ತೀನಿ.